ನೀರಿಗೆ ಹೆಪ್ಪು ಹಾಕುವುದು

ಮಗಳ ಹುಟ್ಟುಹಬ್ಬಕ್ಕೆಂದು ಎರಡಡಿಯ ಗಾಜಿನ ಟ್ಯಾಂಕ್ ತಂದದ್ದು ಒಂದು ಶನಿವಾರ. ಬಣ್ಣದ ಕಲ್ಲು, ಗುಳ್ಳೆ ಬಿಡುವ ಪ್ಲಾಸ್ಟಿಕ್ ನಿಧಿಪೆಟ್ಟಿಗೆ, ನಾಲ್ಕು ಗೋಲ್ಡ್‌ಫಿಷ್, ಎರಡು ಸೀಸೆ ಔಷಧ, ಎಲ್ಲ ಒಂದೇ ಬಿಲ್ಲಿನಲ್ಲಿ ಮುಗಿದಿತ್ತು. ಸಂಜೆ ನೀರು ತುಂಬಿಸಿದೆವು, ರಾತ್ರಿ ಮೀನು ಬಿಟ್ಟೆವು. ಸೋಮವಾರದ ಹೊತ್ತಿಗೆ ಟ್ಯಾಂಕು ಅಕ್ಕಿ ತೊಳೆದ ನೀರಿನ ಹಾಗೆ ಬಿಳಿಚಿಕೊಂಡಿತು. ಗುರುವಾರ ಬೆಳಿಗ್ಗೆ ನೋಡಿದರೆ ನಾಲ್ಕೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಅಂಗಡಿಗೆ ಫೋನ್ ಮಾಡಿದೆ. “ಹೊಸ ನೀರಲ್ವಾ ಸಾರ್, ಹೊಂದ್ಕೊಳ್ತವೆ. ನೀಲಿ ಔಷಧ ನಾಲ್ಕು ಹನಿ ಬಿಡಿ, ಒಂದು ಹಿಡಿ ಕಲ್ಲುಪ್ಪು ಹಾಕಿ” ಅಂದರು. ಬಿಟ್ಟೆವು, ಹಾಕಿದೆವು. ಭಾನುವಾರಕ್ಕೆ ಉಳಿದದ್ದು ಒಂದೇ ಮೀನು.

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿತ್ತೆಂದು ತಿಳಿಯಲು ನನಗೆ ವರ್ಷವೇ ಹಿಡಿಯಿತು. ನೀರು ಹೊಸದು ಎಂಬುದೇನೋ ನಿಜ. ಆದರೆ ಯಾವ ಮೀನೂ ಹೊಂದಿಕೊಳ್ಳಲಾರದ ಹೊಸತನ ಅದು. ಮೀನು ಸಾಕುವವರು ಒಬ್ಬರನ್ನೊಬ್ಬರು “ಟ್ಯಾಂಕ್ ಸೈಕಲ್ ಆಯ್ತಾ?” ಎಂದು ಕೇಳುತ್ತಾರೆ. ನನಗೆ ನಮ್ಮ ಅಡುಗೆಮನೆಯ ಮಾತೇ ವಾಸಿ ಅನ್ನಿಸುತ್ತದೆ: ನೀರಿಗೆ ಹೆಪ್ಪು ಹಾಕಿದ್ದಾಯಿತೇ?

ಲೆಕ್ಕ ಸರಳ. ಮೀನು ತಿಂದ ಪ್ರೋಟೀನಿನಲ್ಲಿ ಮೈಗೆ ಹತ್ತದ ಸಾರಜನಕ ಅಮೋನಿಯವಾಗಿ ಹೊರಬೀಳುತ್ತದೆ, ಅದೂ ಹೆಚ್ಚಿನ ಪಾಲು ಕಿವಿರಿನ ಮೂಲಕವೇ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಹೋಗುವುದೆಲ್ಲಿಗೆ? ನೂರಕ್ಕೆ 40ರಷ್ಟು ಪ್ರೋಟೀನ್ ಇರುವ ಆಹಾರವನ್ನು ಒಂದು ಗ್ರಾಂ ಹಾಕಿದಿರಿ ಎನ್ನಿ. ಅದರಲ್ಲಿ ಸಾರಜನಕ ಸುಮಾರು 64 ಮಿಲಿಗ್ರಾಂ. ಅರ್ಧ ಹೊರಬಿದ್ದರೂ 50 ಲೀಟರ್ ನೀರಿನಲ್ಲಿ ಅಮೋನಿಯದ ಮಟ್ಟ ಒಂದೇ ದಿನಕ್ಕೆ ಲೀಟರಿಗೆ ಮುಕ್ಕಾಲು ಮಿಲಿಗ್ರಾಂ ಏರುತ್ತದೆ. ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಒಂದು ಗ್ರಾಂ ಎಂಬುದು ದೊಡ್ಡ ಮಾತಲ್ಲ. ಹೋಗಿ ಬರುವವರೆಲ್ಲ ಒಂದೊಂದು ಚಿಟಿಕೆ ಉದುರಿಸಿ ಹೋಗುತ್ತಾರೆ.

ಈ ಅಮೋನಿಯವನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳಿವೆ. ಅವು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟೂ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ಮೀನಿನ ಕಿವಿರು ಕಂದುಬಣ್ಣಕ್ಕೆ ತಿರುಗುತ್ತದೆ, ನೀರಿನಲ್ಲಿ ಗಾಳಿ ಬೇಕಾದಷ್ಟಿದ್ದರೂ ಅದಕ್ಕೆ ಉಸಿರು ಕಟ್ಟುತ್ತದೆ. ಇನ್ನೊಂದು ಬಗೆಯ ಸೂಕ್ಷ್ಮಜೀವಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಬಹುಪಾಲು ನಿರುಪದ್ರವಿ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹದ್ದುಬಸ್ತಿನಲ್ಲಿರುತ್ತದೆ. ಈ ಎರಡೂ ಪಂಗಡ ಫಿಲ್ಟರಿನ ಸ್ಪಾಂಜು, ಕಲ್ಲು, ಗಾಜುಗಳ ಮೇಲೆ ಮನೆ ಕಟ್ಟಿಕೊಳ್ಳುವ ತನಕ ಟ್ಯಾಂಕು ಹಸಿ.

ಹೆಪ್ಪಿನ ಹೋಲಿಕೆ ಒಂದು ಕಡೆ ಮಾತ್ರ ಕೈಕೊಡುತ್ತದೆ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆಗೆ ಮೊಸರು, ರುಬ್ಬಿಟ್ಟ ಹಿಟ್ಟು ಬೆಳಿಗ್ಗೆಗೆ ದೋಸೆ. ಆ ಜೀವಾಣುಗಳಿಗೆ ಸಿದ್ಧ ಊಟ ಸಿಗುತ್ತದೆ, ಗಂಟೆಯೊಳಗೆ ಇಮ್ಮಡಿಯಾಗುತ್ತವೆ. ಅಮೋನಿಯ ಉಣ್ಣುವವು ಬಡವರು. ಅಮೋನಿಯವನ್ನು ಸುಟ್ಟು ಸಿಗುವ ಚೂರು ಶಕ್ತಿಯಲ್ಲಿ ಇಂಗಾಲದ ಡೈಆಕ್ಸೈಡಿನಿಂದ ಮೈ ಕಟ್ಟಿಕೊಳ್ಳಬೇಕು. ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಮೊಸರಿಗೆ ಒಂದು ರಾತ್ರಿ ಸಾಕಾದರೆ ಟ್ಯಾಂಕಿಗೆ ನಾಲ್ಕರಿಂದ ಆರು ವಾರ ಬೇಕಾಗುವುದು ಇದಕ್ಕೇ. ಸೋಮವಾರ ನಮ್ಮ ನೀರು ಬೆಳ್ಳಗಾಯಿತಲ್ಲ, ಅದು ಬೇರೆಯದೇ ಗುಂಪು. ಉಳಿದ ಆಹಾರ ಕೊಳೆಸಿ ತಿನ್ನುವ ಸಿರಿವಂತ ಜೀವಾಣುಗಳ ಸಂತೆ. ಸುಮ್ಮನಿದ್ದರೆ ಕೆಲವು ದಿನಗಳಲ್ಲಿ ತಾನೇ ತಿಳಿಯಾಗುತ್ತದೆ. ನಾನು ಗಾಬರಿಯಾಗಿ ಪೂರ್ತಿ ನೀರು ಚೆಲ್ಲಿ, ಕಲ್ಲನ್ನೆಲ್ಲ ಉಜ್ಜಿ ತೊಳೆದಿದ್ದೆ. ಅಂದರೆ ಆಗಷ್ಟೇ ಬೀಳುತ್ತಿದ್ದ ಹೆಪ್ಪನ್ನೂ ಚರಂಡಿಗೆ ಬಿಟ್ಟಿದ್ದೆ.

ಈ ವಿಷಯ ಜಗತ್ತಿಗೆ ತಿಳಿದ ಬಗೆಯಲ್ಲಿ ಒಂದು ಅಪ್ಪ-ಮಗನ ಕತೆ ಇದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯಲ್ಲಿ ಗೋಲ್ಡ್‌ಫಿಷ್, ವ್ಯಾಲಿಸ್ನೇರಿಯ ಎಂಬ ಪಟ್ಟಿಯಂಥ ಎಲೆಯ ಜಲಸಸ್ಯ, ಕೊಳೆತ ಎಲೆ ತಿನ್ನಲೆಂದು ಬಸವನಹುಳು, ಈ ಮೂರನ್ನೂ ಒಟ್ಟಿಗಿಟ್ಟು, ನೀರು ಬದಲಿಸದೆ ಅವು ಬದುಕುವುದನ್ನು 1850ರಲ್ಲಿ ವರದಿ ಮಾಡಿದ. ಸಸ್ಯ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲಾಮ್ಲ ಕೊಡುತ್ತದೆ, ತಕ್ಕಡಿ ಸಮ ಎಂಬುದು ಅವನ ವಿವರಣೆ. ಅಮೋನಿಯ ಆ ತಕ್ಕಡಿಯಲ್ಲೇ ಇರಲಿಲ್ಲ. ಲಂಡನ್ ಮೃಗಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ನಿಂತಿತು, ಹವ್ಯಾಸ ಮನೆಮನೆಗೆ ಹಬ್ಬಿತು. ಅದೇ ಹೆಸರಿನ ಮಗ ರಾಬರ್ಟ್ ವಾರಿಂಗ್ಟನ್ ರೋಥಮ್‌ಸ್ಟೆಡ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ಬೆನ್ನು ಹತ್ತಿದ. ಅಮೋನಿಯ ನೈಟ್ರೇಟ್ ಆಗುವುದು ಎರಡು ಹಂತದಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ಎಂದು ತೋರಿಸಿದ. ಅಪ್ಪನ ಗಾಜಿನ ಪಾತ್ರೆಯಲ್ಲಿ ಕಾಣದೆ ಉಳಿದದ್ದು ಮಗನಿಗೆ ಹೊಲದ ಮಣ್ಣಿನಲ್ಲಿ ಸಿಕ್ಕಿತು. ಆದರೂ ಆ ಜೀವಿಗಳನ್ನು ಬಿಡಿಸಿ ಬೇರೆ ಮಾಡುವುದು ಅವನಿಂದ ಆಗಲಿಲ್ಲ. ಆ ಕೆಲಸ 1890ರ ಸುಮಾರಿಗೆ ಜೂರಿಕ್‌ನಲ್ಲಿದ್ದ ರಷ್ಯನ್ ವಿಜ್ಞಾನಿ ಸರ್ಗೇಯ್ ವಿನೊಗ್ರಾಡ್‌ಸ್ಕಿಯ ಕೈಯಲ್ಲಿ ಆಯಿತು.

ಅಲ್ಲಿಂದ ನೂರು ವರ್ಷ ಮೀನಿನ ಪುಸ್ತಕಗಳೆಲ್ಲ ಒಂದೇ ಪಾಠ ಒಪ್ಪಿಸಿದವು: ಮೊದಲ ಹಂತಕ್ಕೆ ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾ, ಎರಡನೆಯದಕ್ಕೆ ನೈಟ್ರೊಬ್ಯಾಕ್ಟರ್. ಮಣ್ಣಿನಲ್ಲಿ ಕಂಡದ್ದೇ ಟ್ಯಾಂಕಿನಲ್ಲೂ ಇರುತ್ತದೆ ಎಂಬ ಊಹೆ. ಟಿಮತಿ ಹೊವಾನೆಕ್ ಮತ್ತು ಸಂಗಡಿಗರು 1998ರಲ್ಲಿ ಡಿಎನ್‌ಎ ಹಿಡಿದು ನೋಡಿದಾಗ ಸಿಹಿನೀರಿನ ಅಕ್ವೇರಿಯಂನಲ್ಲಿ ನೈಟ್ರೈಟ್ ಉಣ್ಣುತ್ತಿದ್ದದ್ದು ನೈಟ್ರೊಸ್ಪೈರಾ. 2011ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ಫಿಲ್ಟರುಗಳನ್ನು ಕೆದಕಿದರೆ ಅಮೋನಿಯ ಉಣ್ಣುವವರಲ್ಲಿ ಮೇಲುಗೈ ಬ್ಯಾಕ್ಟೀರಿಯಾದ್ದಲ್ಲ, ಆರ್ಕಿಯಾ ಎಂಬ ಬೇರೆಯದೇ ಕುಲದ್ದು. 2015ರಲ್ಲಿ ಇನ್ನೂ ದೊಡ್ಡ ಅಚ್ಚರಿ: ಎರಡೂ ಹಂತವನ್ನು ಒಂಟಿಯಾಗಿ ಮುಗಿಸುವ ನೈಟ್ರೊಸ್ಪೈರಾ ಇದೆ ಎಂದು ಎರಡು ತಂಡಗಳು ಒಟ್ಟಿಗೆ ಪ್ರಕಟಿಸಿದವು. ಅದರಲ್ಲಿ ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕುವ ತೊಟ್ಟಿಯ ಫಿಲ್ಟರಿನಲ್ಲೇ. ಎರಡು ಹಂತಕ್ಕೆ ಎರಡು ಜೀವಿ ಎಂಬ ಮಗ ವಾರಿಂಗ್ಟನ್ನನ ಲೆಕ್ಕಕ್ಕೂ ಅಲ್ಲಿಗೆ ತಿದ್ದುಪಡಿ ಬಂತು. ಈ ಜೀವಾಣುಗಳೆಂದು ಅಂಗಡಿಯಲ್ಲಿ ಮಾರುವ ಎಷ್ಟೋ ಬಾಟಲಿಗಳ ಮೇಲೆ ಇಂದಿಗೂ ಹಳೆಯ ಎರಡು ಹೆಸರೇ ಇವೆ.

ಇನ್ನು ಟ್ಯಾಂಕ್ ಇಡುವ ಮಾತು. ಅದರಲ್ಲಿ ಹೇಳುವುದು ಹೆಚ್ಚಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ಕಂಠಮಟ್ಟ 56 ಲೀಟರ್ ಹಿಡಿಯುತ್ತದೆ. ಕಲ್ಲು ಹಾಕಿ ಮೇಲೆ ಜಾಗ ಬಿಟ್ಟರೆ 50 ಅನ್ನಿ. ಗಾಜು ಕಲ್ಲು ಸೇರಿ ಎಪ್ಪತ್ತು ಕಿಲೋ ದಾಟುತ್ತದೆ, ಆದ್ದರಿಂದ ಟಿ.ವಿ. ಸ್ಟ್ಯಾಂಡ್ ಸಾಲದು. ಅಡಿಗೆ ಥರ್ಮಾಕೋಲ್ ಹಾಳೆ ಬೇಕು. ಕಿಟಕಿಯ ಬಿಸಿಲಿಗೆ ಇಟ್ಟರೆ ಪಾಚಿ ಕಟ್ಟುತ್ತದೆ. ಜಲ್ಲಿಯ ಮೇಲೆ ನಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಸುಣ್ಣದಂಶ ಇದೆ ಎಂದರ್ಥ. ಚಿಕ್ಕ ಟ್ಯಾಂಕ್ ಸುಲಭ ಎಂಬುದು ಭ್ರಮೆ. ನೀರು ಕಡಿಮೆಯಾದಷ್ಟೂ ವಿಷ ಬೇಗ ಏರುತ್ತದೆ. ಮೇಜಿನ ಮೇಲಿನ ದುಂಡು ಬೌಲಿನಲ್ಲಿ ಗೋಲ್ಡ್‌ಫಿಷ್ ಇಡುವವರ ಬಗ್ಗೆ ನನಗೆ ಒಳ್ಳೆಯ ಮಾತು ಬರುವುದಿಲ್ಲ. ಅದು ಸರಿಯಾಗಿ ಸಾಕಿದರೆ ಹತ್ತು ವರ್ಷಕ್ಕೂ ಮಿಕ್ಕಿ ಬದುಕುವ ಪ್ರಾಣಿ.

ಕಷ್ಟ ಇರುವುದು ನಲ್ಲಿಯಲ್ಲಿ. ಮೀನು ಸಾಕುವ ಪುಸ್ತಕಗಳೆಲ್ಲ ಯಾವುದೋ ಊರಿನ ನಲ್ಲಿ ನೀರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ರಾಜ್ಯದಲ್ಲೇ ಮೂರು ನೀರು ಮೂರು ಬಗೆ. ಬೆಂಗಳೂರಿನ ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ ಕ್ಲೋರಿನ್ ಹಾಕಿಸಿಕೊಂಡು ಬರುತ್ತದೆ. ಕ್ಲೋರಿನ್ನಿಗೆ ಕೆಟ್ಟ ರೋಗಾಣು ಯಾವುದು, ಅಮೋನಿಯ ಉಣ್ಣುವ ನೆಂಟ ಯಾವುದು ಎಂಬ ಭೇದವಿಲ್ಲ. ಬಕೆಟ್ಟಿನಲ್ಲಿ ಒಂದು ದಿನ ಗಾಳಿಗುಳ್ಳೆ ಬಿಟ್ಟಿಡಬೇಕು, ಇಲ್ಲವೇ ‘ಆಂಟಿ ಕ್ಲೋರಿನ್’ ಹನಿ ಹಾಕಬೇಕು. ಅದರಲ್ಲಿರುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಅಗ್ಗದ ಹರಳು. ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಸೋಮವಾರ ಕಾವೇರಿ, ಬುಧವಾರ ಬೋರ್‌ವೆಲ್, ಶನಿವಾರ ಟ್ಯಾಂಕರ್. ಹೀಗಿರುವಾಗ ‘ನಮ್ಮ ಮನೆ ನೀರು’ ಎಂಬ ಒಂದು ವಸ್ತುವೇ ಇರುವುದಿಲ್ಲ.

ಬೋರ್‌ವೆಲ್ ನೀರು ಹೆಚ್ಚಾಗಿ ಗಡಸು. ನೆಲದಡಿಯಿಂದ ಬರುವಾಗ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಪಿಎಚ್ ಕಡಿಮೆ ತೋರಿಸುತ್ತದೆ. ಒಂದು ದಿನ ಗಾಳಿಯಾಡಿದರೆ 8ರ ಆಚೆ ಏರುತ್ತದೆ. ಇದು ಬರೀ ಅಂಕಿಯಲ್ಲ. ನೀರಿನಲ್ಲಿ ಅಮೋನಿಯ ಎರಡು ವೇಷದಲ್ಲಿರುತ್ತದೆ. ಅಮೋನಿಯಂ ಸಾಧು, ಬಿಡಿ ಅಮೋನಿಯ ವಿಷ. ಉಷ್ಣಾಂಶ 25 ಡಿಗ್ರಿ ಇದ್ದಾಗ, ಪಿಎಚ್ 7ರಲ್ಲಿ ವಿಷದ ಪಾಲು ನೂರಕ್ಕೆ ಅರ್ಧದಷ್ಟು, ಪಿಎಚ್ 8ರಲ್ಲಿ ನೂರಕ್ಕೆ 5. ಅಮೋನಿಯ ಅಳೆಯುವ ಟೆಸ್ಟ್ ಕಿಟ್ ಎರಡೂ ಕಡೆ ಒಂದೇ ಹಸಿರು ತೋರಿಸುತ್ತದೆ, ಮೀನಿಗೆ ಮಾತ್ರ ಹತ್ತು ಪಟ್ಟಿನ ವ್ಯತ್ಯಾಸ. ಕೋಲಾರದ ಕಡೆಯ ಬೋರ್ ನೀರಿನಲ್ಲಿ ಸಾಯುವ ಮೀನು ಅಷ್ಟೇ ಅಮೋನಿಯದಲ್ಲಿ ಮಲೆನಾಡಿನಲ್ಲಿ ಬದುಕಿಕೊಂಡೀತು.

ಬೋರ್ ನೀರಿನಲ್ಲಿ ಇನ್ನೊಂದು ಮೋಸವಿದೆ. ಒಳಚರಂಡಿ, ರಸಗೊಬ್ಬರ ಇಳಿದ ಕಡೆ ಆ ನೀರಿನಲ್ಲೇ ನೈಟ್ರೇಟ್ ಇರುತ್ತದೆ. ಕುಡಿಯುವ ನೀರಿಗೆ ಹಾಕಿದ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ದಾಟಿದ ಬಾವಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊಸಬರು ಟ್ಯಾಂಕ್ ತುಂಬಿಸಿದ ಮೂರನೇ ದಿನ ನೈಟ್ರೇಟ್ ನೋಡುತ್ತಾರೆ, ಕೆಂಪು ಬಣ್ಣ ಬರುತ್ತದೆ, ‘ಸೈಕಲ್ ಮುಗಿಯಿತು’ ಎಂದು ಮೀನು ತಂದುಬಿಡುತ್ತಾರೆ. ಮೊದಲು ನಲ್ಲಿಯ ನೀರನ್ನೇ ಪರೀಕ್ಷಿಸಿ ಬರೆದಿಟ್ಟುಕೊಳ್ಳಬೇಕು. ಯಾವ ಪುಸ್ತಕವೂ ಇದನ್ನು ಸಾಕಷ್ಟು ಒತ್ತಿ ಹೇಳುವುದಿಲ್ಲ.

ಮೂರನೆಯದು ಕರಾವಳಿಯ ಬಾವಿ ನೀರು. ಮುರಕಲ್ಲಿನ ನೆಲದಲ್ಲಿ ಇಳಿದ ಮಳೆನೀರು ಮೃದು, ಕೊಂಚ ಹುಳಿ. ಕುಡಿಯಲು ಅಮೃತ, ಹೆಪ್ಪಿಗೆ ಕಷ್ಟ. ಅಮೋನಿಯ ಉಣ್ಣುವ ಕೆಲಸ ಆಮ್ಲ ಹುಟ್ಟಿಸುತ್ತದೆ; ಒಂದು ಮಿಲಿಗ್ರಾಂ ಅಮೋನಿಯ-ಸಾರಜನಕ ಕರಗುವಾಗ ಏಳು ಮಿಲಿಗ್ರಾಂನಷ್ಟು ಕ್ಷಾರತೆ ಖರ್ಚಾಗುತ್ತದೆ. ಬಾವಿ ನೀರಿನ ಕ್ಷಾರತೆ ಲೀಟರಿಗೆ 20 ಮಿಲಿಗ್ರಾಂ ಇದೆಯೆಂದುಕೊಳ್ಳಿ. ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ಒಮ್ಮೆ ಜೀರ್ಣವಾಗುವಷ್ಟರಲ್ಲಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಎರಡನೆಯ ಸಲಕ್ಕೆ ಪಿಎಚ್ ಕುಸಿಯುತ್ತದೆ, ಜೀವಾಣುಗಳು ಕೆಲಸ ನಿಲ್ಲಿಸುತ್ತವೆ. ಆರ್‌ಓ ನೀರು ಶುದ್ಧ ಎಂದು ಅದನ್ನೇ ತುಂಬಿಸುವ ನಗರದವರದೂ ಇದೇ ಪಾಡು. ಇದಕ್ಕೆ ಮದ್ದು ಸಮುದ್ರದ ದಂಡೆಯಲ್ಲೇ ಬಿದ್ದಿದೆ: ಒಂದು ಹಿಡಿ ಚಿಪ್ಪನ್ನು ತೊಳೆದು, ಜಜ್ಜಿ, ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿಡುವುದು.

ಹೆಪ್ಪು ಹಾಕುವ ದಾರಿಗಳ ಬಗ್ಗೆ ಜಗಳ ಮುಗಿಯುವಂಥದ್ದಲ್ಲ. ಮೀನು ಬಿಟ್ಟೇ ಹದ ಮಾಡುವುದು ಹಳೆಯ ಕ್ರಮ. ‘ಗಟ್ಟಿ ಮೀನು’ ಎಂದು ಗಪ್ಪಿಗಳನ್ನೋ ಗೋಲ್ಡ್‌ಫಿಷ್‌ಗಳನ್ನೋ ಮೊದಲು ಬಿಟ್ಟು, ಉಳಿದರೆ ಉಳಿಯಲಿ ಎನ್ನುವುದು. ಎರಡೇ ಸಣ್ಣ ಮೀನು, ದಿನ ಬಿಟ್ಟು ದಿನ ಚಿಟಿಕೆ ಆಹಾರ, ಪ್ರತಿದಿನ ಪರೀಕ್ಷೆ, ಬಣ್ಣ ಏರಿದಾಗಲೆಲ್ಲ ಅರ್ಧ ನೀರು ಬದಲು. ಇಷ್ಟು ಮಾಡುವವರಿಗೆ ಇದು ಸಾಧ್ಯ. ಮಾಡುವವರು ಕಡಿಮೆ. ಅಂಗಡಿಯವರ ಕಲ್ಲುಪ್ಪಿಗೆ ಇಲ್ಲಿ ನ್ಯಾಯ ಸಲ್ಲಬೇಕು. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ, ಎರಡಡಿ ಟ್ಯಾಂಕಿಗೆ ಒಂದು ಸಣ್ಣ ಚಮಚ ಉಪ್ಪೂ ಕೆಲಸಕ್ಕೆ ಬರುತ್ತದೆ. ಕಾರಣ ತಿಳಿಯದೆ ಕಲಿತ ಒಳ್ಳೆಯ ಅಭ್ಯಾಸ ಅದು. ನೀಲಿ ಔಷಧದ ಕತೆ ತಿರುಗುಮುರುಗು. ಆ ಮೆಥಿಲೀನ್ ಬ್ಲೂ ಹೆಪ್ಪಿನ ಜೀವಾಣುಗಳನ್ನೇ ಕುಗ್ಗಿಸುತ್ತದೆ, ಹಸಿ ಟ್ಯಾಂಕನ್ನು ಇನ್ನಷ್ಟು ದಿನ ಹಸಿಯಾಗಿಡುತ್ತದೆ.

ಮೀನಿಲ್ಲದೆ ಹದ ಮಾಡುವುದು ಎರಡನೆಯ ದಾರಿ. ಟ್ಯಾಂಕಿಗೆ ಅಮೋನಿಯವನ್ನು ನಾವೇ ಉಣಿಸುವುದು. ಬರೀ ಆಹಾರ ಉದುರಿಸಿ ಕೊಳೆಯಲು ಬಿಡುವವರಿದ್ದಾರೆ. ವಾಸನೆ ಸಹಿಸಬೇಕು, ಅಳತೆ ಸಿಗುವುದಿಲ್ಲ. ನನಗೆ ಒಗ್ಗಿದ್ದು ನವಸಾಗರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಹತ್ತಿಗೆ ಅದ್ದಿ ಉಜ್ಜುತ್ತಿದ್ದರಲ್ಲ, ಬಿಳಿ ಹೊಗೆ ಏಳುತ್ತಿತ್ತಲ್ಲ, ಅದೇ ಅಮೋನಿಯಂ ಕ್ಲೋರೈಡ್. ಕಲಾಯಿಯ ಗಟ್ಟಿ ಬೇಡ, ರಾಸಾಯನಿಕ ಮಾರುವ ಅಂಗಡಿಯಲ್ಲಿ ಶುದ್ಧ ಪುಡಿ ಸಿಗುತ್ತದೆ. 50 ಲೀಟರಿಗೆ ಒಂದು ಗ್ರಾಂನ ಮೂರನೇ ಒಂದು ಭಾಗ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ಸಿದ್ಧ. ಸೊನ್ನೆಗೆ ಇಳಿದಾಗಲೆಲ್ಲ ಮತ್ತೆ ಅಷ್ಟೇ.

ಎರಡನೆಯ ಸಲ ಹೀಗೆ ಮಾಡುವಾಗ ಕ್ಯಾಲೆಂಡರಿನ ಚೌಕಗಳಲ್ಲಿ ದಿನವೂ ಬಣ್ಣ ಬರೆದೆ. ಮೊದಲ ಹತ್ತು ದಿನ ಅಮೋನಿಯದ ಕೊಳವೆ ಗಿಣಿ ಹಸಿರು. ಏನೂ ನಡೆಯುತ್ತಿಲ್ಲ ಎಂಬ ಬೇಸರ. ಆಮೇಲೊಂದು ಬೆಳಿಗ್ಗೆ ಹಸಿರು ಮಾಸಿ ಹಳದಿಯತ್ತ ತಿರುಗಿತು. ಆವತ್ತೇ ನೈಟ್ರೈಟಿನ ಕೊಳವೆಗೆ ಹನಿ ಬಿಟ್ಟರೆ, ಆಕಾಶನೀಲಿ ಇರಬೇಕಾದದ್ದು ಕಣ್ಣೆದುರೇ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ಬಂತು. ಆ ನೇರಳೆ ಎರಡು ವಾರ ಕದಲಲಿಲ್ಲ. ಡಿಸೆಂಬರ್ ಬೇರೆ, ರಾತ್ರಿ ನೀರು ತಣ್ಣಗಾದರೆ ಈ ಜೀವಿಗಳೂ ಮಂದವಾಗುತ್ತವೆ. ಐದನೇ ವಾರದಲ್ಲಿ ಒಂದೇ ರಾತ್ರಿಗೆ ನೇರಳೆ ಕರಗಿ ನೀಲಿಯಾಯಿತು. ಮೀನೇ ಇಲ್ಲದ ಟ್ಯಾಂಕಿನ ಮುಂದೆ ಕೂತು ಸಂಭ್ರಮಿಸುವ ಅಪ್ಪನನ್ನು ಮಗಳು ವಿಚಿತ್ರವಾಗಿ ನೋಡಿದಳು. ಹಾಕಿದ 2 ಮಿಲಿಗ್ರಾಂ ಅಮೋನಿಯ 24 ಗಂಟೆಯಲ್ಲಿ ಹೋಗಿ, ನೈಟ್ರೈಟೂ ಸೊನ್ನೆ ತೋರಿಸಿದರೆ ಹೆಪ್ಪು ಬಿದ್ದಂತೆ. ಆಗ ಮುಕ್ಕಾಲು ನೀರು ಬದಲಿಸಿ ಮೀನು ತರಬಹುದು.

ಸಸ್ಯ ನೆಡುವವರದು ಬೇರೆ ಪಂಥ. ಅಮೆರಿಕದ ಡಯಾನಾ ವಾಲ್ಸ್‌ಟಡ್ 1999ರ ಪುಸ್ತಕದಲ್ಲಿ ಮಂಡಿಸಿದ ಕ್ರಮದಲ್ಲಿ ತಳಕ್ಕೆ ಸಾದಾ ಮಣ್ಣು, ಮೇಲೆ ತೆಳುವಾಗಿ ಜಲ್ಲಿ, ಒತ್ತಾಗಿ ಗಿಡ. ಜಲಸಸ್ಯಗಳು ನೈಟ್ರೇಟಿಗಿಂತ ಅಮೋನಿಯಂ ಅನ್ನೇ ಮೊದಲು ಹೀರುವುದರಿಂದ ಜೀವಾಣುಗಳಿಗೆ ಕಾಯುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಅಪ್ಪ ವಾರಿಂಗ್ಟನ್ನನ ತಕ್ಕಡಿ ಸಮವಾಗಿ ನಿಂತದ್ದರಲ್ಲಿ ವ್ಯಾಲಿಸ್ನೇರಿಯದ ಈ ಹಸಿವಿನ ಪಾಲೂ ಇದ್ದಿರಬೇಕು. ನಮ್ಮ ಕೆರೆಗಳ ಹೈಡ್ರಿಲ್ಲಾ ಒಂದು ಕಟ್ಟು ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ, ಕಳೆಯಂತೆ ಬೆಳೆಯುತ್ತದೆ. ಮನಿ ಪ್ಲಾಂಟಿನ ಬೇರನ್ನು ಟ್ಯಾಂಕಿಗೆ ಇಳಿಬಿಟ್ಟರೂ ನೈಟ್ರೇಟ್ ಇಳಿಯುತ್ತದೆ. ಕೆರೆ ಗೋಡು ತಂದು ಹಾಕುವ ಆಸೆ ಮಾತ್ರ ಬೇಡ. ಅದರ ಜೊತೆ ಏನೇನು ಬರುತ್ತದೋ ಯಾರೂ ಹೇಳಲಾರರು.

ಬಾಟಲಿ ಹೆಪ್ಪಿನ ಬಗ್ಗೆ ನನ್ನದು ಅರ್ಧ ನಂಬಿಕೆ. ಸರಿಯಾದ ಜೀವಿ ಜೀವಂತವಾಗಿದ್ದರೆ ವಾರಗಳು ಉಳಿಯುತ್ತವೆ. ಆದರೆ ಗೋದಾಮಿನ ಬಿಸಿಲಲ್ಲಿ ತಿಂಗಳುಗಟ್ಟಲೆ ಕೂತ ಬಾಟಲಿಯಲ್ಲಿ ಬದುಕಿರುವುದೇನು ಎಂದು ಹೊರಗಿನಿಂದ ತಿಳಿಯುವ ಉಪಾಯವಿಲ್ಲ. ಹಳೆಯ, ಆರೋಗ್ಯವಾಗಿರುವ ಟ್ಯಾಂಕಿನ ಫಿಲ್ಟರಿನ ತುಂಡು ಸ್ಪಾಂಜು ತಂದು ಹಾಕುವುದೇ ಎಲ್ಲಕ್ಕಿಂತ ಮೇಲು. ಅದು ನಿಜವಾದ ಹೆಪ್ಪು. ಆರು ವಾರದ ಕೆಲಸ ಒಂದೆರಡು ವಾರಕ್ಕೆ ಇಳಿಯುತ್ತದೆ. ಆ ಮನೆಯ ಮೀನಿಗೆ ರೋಗವಿದ್ದರೆ ಅದೂ ಬರುತ್ತದೆ ಎಂಬುದಷ್ಟೇ ಎಚ್ಚರ. ಹಳೆಯ ಟ್ಯಾಂಕಿನ ನೀರು ತಂದು ಸುರಿಯುವುದರಿಂದ ಹೆಚ್ಚೇನೂ ಆಗದು. ಜೀವಾಣುಗಳಿರುವುದು ನೀರಿನಲ್ಲಲ್ಲ, ಅಂಟಿಕೊಂಡ ಜಾಗದಲ್ಲಿ. ಯಾರಾದರೂ ಕೇಳಿದರೆ ನನ್ನ ಸಲಹೆ ಇಷ್ಟು: ಸ್ಪಾಂಜು ಬೇಡಿ ತನ್ನಿ, ಹೈಡ್ರಿಲ್ಲಾ ತುಂಬಿ, ನವಸಾಗರ ಉಣಿಸಿ, ಮೀನಿನ ಅಂಗಡಿಯ ದಾರಿಯಲ್ಲಿ ತಿಂಗಳು ಓಡಾಡಬೇಡಿ.

ಬಿದ್ದ ಹೆಪ್ಪು ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ, ಎರಡೂ ನಮ್ಮ ಕಡೆ ಧಾರಾಳ. ಒಂದು, ಶುಚಿತ್ವದ ಹುಚ್ಚು. ಕಂದು ಕೆಸರು ಹಿಡಿದ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಹಿಂಡುವುದು. ಟ್ಯಾಂಕಿನಿಂದಲೇ ತೆಗೆದ ಬಕೆಟ್ ನೀರಿನಲ್ಲಿ ಎರಡು ಸಲ ಅದುಮಿ ತೆಗೆದರೆ ಸಾಕು. ಇನ್ನೊಂದು, ಕರೆಂಟು. ಈ ಜೀವಿಗಳಿಗೆ ಹರಿಯುವ ನೀರಿನ ಆಮ್ಲಜನಕ ಬೇಕು. ಮುಚ್ಚಿದ ಡಬ್ಬದಂಥ ಫಿಲ್ಟರು ಬೇಸಿಗೆಯ ಮಧ್ಯಾಹ್ನ ನಾಲ್ಕೈದು ಗಂಟೆ ನಿಂತರೆ ಒಳಗೆ ಕೊಳೆ ಶುರುವಾಗುತ್ತದೆ, ಕರೆಂಟು ಬಂದ ಕೂಡಲೇ ಆ ಗಬ್ಬು ಮೀನುಗಳ ಮೇಲೆ ಸುರಿಯುತ್ತದೆ. ಬ್ಯಾಟರಿಯ ಏರ್ ಪಂಪಿಗೆ ಜೋಡಿಸಿದ ಸಾದಾ ಸ್ಪಾಂಜ್ ಫಿಲ್ಟರು ನಮ್ಮ ಊರುಗಳಿಗೆ ದುಬಾರಿ ಯಂತ್ರಗಳಿಗಿಂತ ಹೊಂದುತ್ತದೆ.

ಮೀನು ತರುವಾಗಲೂ ಎರಡೆರಡಾಗಿ, ವಾರ ಬಿಟ್ಟು ವಾರ. ಜೀವಾಣುಗಳ ಸಂಖ್ಯೆ ಊಟಕ್ಕೆ ತಕ್ಕಷ್ಟೇ ಇರುತ್ತದೆ, ನೆಂಟರು ಒಮ್ಮೆಲೆ ಬಂದರೆ ಅಡುಗೆ ಸಾಲದು. ‘ಟ್ಯಾಂಕ್ ತೊಳೆಯುತ್ತದೆ’ ಎಂದು ಅಂಗಡಿಯಲ್ಲಿ ಗಂಟುಹಾಕುವ ಸಕ್ಕರ್ ಮೀನನ್ನು ಒಲ್ಲೆ ಎನ್ನಿ. ಅದು ಅಡಿಗಿಂತ ಉದ್ದ ಬೆಳೆಯುತ್ತದೆ, ತೊಳೆಯುವುದಕ್ಕಿಂತ ಹೆಚ್ಚು ಹೇಲುತ್ತದೆ, ಕೊನೆಗೆ ಯಾರೋ ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಊರ ಕೆರೆಗಳಲ್ಲಿ ಬಲೆ ಹಾಕುವವರನ್ನು ಕೇಳಿದರೆ ಆ ಮೀನಿನ ಉಪಟಳ ಗೊತ್ತಾಗುತ್ತದೆ.

ಕಳೆದ ತಿಂಗಳು ಕೆಳಗಿನ ಮನೆಯ ಹುಡುಗ ಸ್ಟೀಲ್ ಡಬ್ಬಿ ಹಿಡಿದು ಬಂದ. ಅವರ ಮನೆಗೂ ಟ್ಯಾಂಕ್ ಬಂದಿದೆ. “ಅಂಕಲ್, ಅಮ್ಮ ಹೆಪ್ಪು ಇಸ್ಕೊಂಡು ಬಾ ಅಂದ್ರು” ಅಂದ. ಮೊಸರಿಗೋ ಮೀನಿಗೋ ಎಂದು ಕೇಳಿದರೆ ನಕ್ಕ. ಫಿಲ್ಟರಿನಿಂದ ಅರ್ಧ ಸ್ಪಾಂಜು ಕತ್ತರಿಸಿ, ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ಡಬ್ಬಿಗೆ ಹಾಕಿಕೊಟ್ಟೆ. ಒಣಗಿಸಬೇಡ, ಮುಚ್ಚಳ ಬಿಗಿ ಮಾಡಬೇಡ, ನಿಮ್ಮ ಸಂಪಿನ ನೀರಿನ ಪಿಎಚ್ ನೋಡಿಕೊಂಡು ಬಾ ಎಂದೆ. ಅವನು ಮೆಟ್ಟಿಲಿಳಿಯುತ್ತ, ಎರಡು ಕೈಯಲ್ಲೂ ಡಬ್ಬಿ ಹಿಡಿದು, ತುಳುಕದ ಹಾಗೆ ನಡೆದುಹೋದ.